ಗುತ್ತಿನ ಓಲೆಗಳಿಂದ ಕೊಣಾಜೆಯ ಇತಿಹಾಸ ವಿಭಾಗದವರೆಗೆ

ಮಿಜಾರು, ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಸೀಮೆಯಲ್ಲಿ ಪದವಿ ಮುಗಿಸಿ ಇತಿಹಾಸದಲ್ಲಿ ಎಂ.ಎ. ಓದಬಯಸುವ ವಿದ್ಯಾರ್ಥಿಗಳು ಮುಖ ಮಾಡುತ್ತ ಬಂದಿರುವುದು ಕೊಣಾಜೆಯ ಮಂಗಳಗಂಗೋತ್ರಿಯ ಕಡೆಗೆ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭಗೊಂಡು, 1980ರ ಸೆಪ್ಟೆಂಬರ್ 10ರಂದು ಮಂಗಳೂರು ವಿಶ್ವವಿದ್ಯಾನಿಲಯವೆಂಬ ಸ್ವತಂತ್ರ ಸಂಸ್ಥೆಯಾದ ಈ ವಿದ್ಯಾಕೇಂದ್ರದ ಮೊದಲ ಕುಲಪತಿ ಬಿ. ಶೇಖ್ ಅಲಿಯವರು ಸ್ವತಃ ಇತಿಹಾಸಕಾರರಾಗಿದ್ದರು. ಬಿ. ಸುರೇಂದ್ರ ರಾವ್, ಕೇಶವನ್ ವೆಳುತ್ತಾಟ್ ಅವರಂಥ ವಿದ್ವಾಂಸರು ಪಾಠ ಮಾಡಿದ ಇಲ್ಲಿನ ಇತಿಹಾಸ ವಿಭಾಗವು ಏನು ಮಾಡುತ್ತದೆ, ಅದರ ಕೆಲಸಕ್ಕೂ ಸುತ್ತಲಿನ ಊರುಗಳಿಗೂ ಏನು ಸಂಬಂಧ ಎಂಬುದು ಆ ಊರುಗಳ ಜನರೇ ತಿಳಿಯಬೇಕಾದ ಸಂಗತಿಯಾಗಿದೆ.

ತುಳುನಾಡಿನ ಚರಿತ್ರೆಗೆ ವಿಶ್ವವಿದ್ಯಾನಿಲಯದ ಆಸರೆ ದೊರೆತದ್ದು ತಡವಾಗಿ. ಬಿ. ಎಲ್. ರೈಸ್ 1886ರಿಂದ 1904ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸೀಮಿತವಾಗಿತ್ತು. ದಕ್ಷಿಣ ಕನ್ನಡವು 1956ರವರೆಗೆ ಮದರಾಸಿನ ಆಡಳಿತದಲ್ಲಿದ್ದುದರಿಂದ ಇಲ್ಲಿನ ಶಾಸನಗಳನ್ನು ಮದರಾಸಿನ ಶಾಸನತಜ್ಞರು ಸಂಗ್ರಹಿಸಿದರು, ಮತ್ತು ಅವುಗಳಲ್ಲಿ ಹಲವು 1932ರ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಏಳನೆಯ ಸಂಪುಟದಲ್ಲಿ ತಮಿಳು, ತೆಲುಗು, ಮಲಯಾಳಂ ಪ್ರದೇಶಗಳ ಶಾಸನಗಳ ಜೊತೆಯಲ್ಲಿ ಅಚ್ಚಾದವು. ಮಂಜೇಶ್ವರದ ಗೋವಿಂದ ಪೈಗಳು, 1936ರಲ್ಲಿ ತುಳುವ ಇತಿಹಾಸವನ್ನು ಬರೆದ ಬಿ. ಎ. ಸಾಲೆತೊರೆ, 1970ರಲ್ಲಿ ದಕ್ಷಿಣ ಕನ್ನಡದ ಇತಿಹಾಸವನ್ನು ಪ್ರಕಟಿಸಿದ ಕೆ. ವಿ. ರಮೇಶ್, ಊರೂರು ತಿರುಗಿ ಕಲೆಹಾಕಿದ ಸಾಮಗ್ರಿಯನ್ನು 1975ರ ಬೃಹದ್ಗ್ರಂಥದಲ್ಲಿ ಜೋಡಿಸಿಕೊಟ್ಟ ಪಿ. ಗುರುರಾಜ ಭಟ್ಟರು, ಇವರೆಲ್ಲ ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟುವ ಮೊದಲೇ ಹೊಲ ಹಸನು ಮಾಡಿದವರು.

ಇತಿಹಾಸ ವಿಭಾಗದ ಕೆಲಸದಲ್ಲಿ ಮೊದಲನೆಯದು ಆಕರಗಳನ್ನು, ಅಂದರೆ ಗತಕಾಲದ ಬಗ್ಗೆ ಸಾಕ್ಷ್ಯ ನುಡಿಯುವ ವಸ್ತುಗಳನ್ನು, ಓದಲು ಕಲಿಸುವುದು. ಕಲ್ಲಿನ ಶಾಸನವನ್ನು ತೊಳೆದು, ಅದರ ಮೇಲೆ ಒದ್ದೆ ಕಾಗದ ಹಾಸಿ, ಅಕ್ಷರಗಳ ಗುಳಿಗೆ ಕಾಗದ ಇಳಿಯುವಂತೆ ಬ್ರಷ್‌ನಿಂದ ಬಡಿದು, ಶಾಯಿ ಒತ್ತಿದಾಗ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. ಶಾಸನದಲ್ಲಿ ಕಾಣುವ ಶಕವರ್ಷಕ್ಕೆ ಸಾಮಾನ್ಯವಾಗಿ 78 ಕೂಡಿಸಿದರೆ ಕ್ರಿಸ್ತವರ್ಷ ಸಿಗುತ್ತದೆ. ಆಮೇಲೆ ಬರುವುದು ಆಕರವಿಮರ್ಶೆ: ದಾಖಲೆ ಅದು ಹೇಳಿಕೊಳ್ಳುವ ಕಾಲದ್ದೇ ಹೌದೇ ಎಂದು ಲಿಪಿ, ಭಾಷೆ, ಬರೆದ ವಸ್ತುಗಳಿಂದ ಪರೀಕ್ಷಿಸುವುದು ಬಾಹ್ಯ ವಿಮರ್ಶೆ, ಬರೆದವನಿಗೆ ವಿಷಯ ಗೊತ್ತಿತ್ತೇ, ಯಾರ ಪರವಾಗಿ ಬರೆದ ಎಂದು ಕೇಳುವುದು ಆಂತರಿಕ ವಿಮರ್ಶೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಲಿನ್ನಿನ ಪ್ರಾಧ್ಯಾಪಕ ರಾಂಕೆ ವಿದ್ಯಾರ್ಥಿಗಳ ಸಣ್ಣ ಗುಂಪನ್ನು ಕೂರಿಸಿಕೊಂಡು ಮೂಲ ದಾಖಲೆಗಳನ್ನು ಪರಿಶೀಲಿಸುತ್ತಿದ್ದ ಪದ್ಧತಿಯೇ ಇಂದಿನ ಸೆಮಿನಾರಿನ ಮೂಲ.

ಮಿಜಾರಿನ ಸುತ್ತ ಇಂಥ ಆಕರಗಳಿಗೆ ಬರವಿಲ್ಲ. ಎರಡನೆಯ ದೇವರಾಯನ ಕಾಲದಲ್ಲಿ, 1430ರ ಸುಮಾರಿಗೆ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಶಾಸನಗಳನ್ನು ಹಲವರು ಬಲ್ಲರು. ಗುರುಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದ, ಧವಲ ಎಂಬ ಜೈನ ಗ್ರಂಥದ ತಾಳೆಗರಿ ಪ್ರತಿಗಳು ಇಲ್ಲದಿದ್ದರೆ 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಬಂದ ಮುದ್ರಿತ ಸಂಪುಟಗಳೂ ಇರುತ್ತಿರಲಿಲ್ಲ. ಇವುಗಳಷ್ಟೇ ಮುಖ್ಯವಾಗಿದ್ದರೂ ಕಡಿಮೆ ಗಮನ ಪಡೆದಿರುವವು ಊರಿನ ಪ್ರಮುಖ ಮನೆತನಗಳ ಗುತ್ತು, ಬೀಡುಗಳಲ್ಲಿಯೂ ಸಾಮಾನ್ಯ ಒಕ್ಕಲುಮನೆಗಳಲ್ಲಿಯೂ ಇರುವ ಕಾಗದಪತ್ರಗಳು. ನಿಗದಿಯಾದ ಗೇಣಿಗೆ ಶಾಶ್ವತವಾಗಿ ಭೂಮಿಯನ್ನು ವಹಿಸಿಕೊಡುವ ಮೂಲಗೇಣಿ ಚೀಟು, ಒಡೆಯ ಬಿಡಿಸಬಹುದಾಗಿದ್ದ ಚಾಲಗೇಣಿಯ ಬರಹ, ಎಷ್ಟು ಮುಡಿ ಅಕ್ಕಿ ಸಂದಿತು ಎಂಬ ಲೆಕ್ಕ, ಆಸ್ತಿಯು ಸೋದರಿಯ ಮಕ್ಕಳಿಗೆ ಸಲ್ಲುವ ಅಳಿಯಸಂತಾನ ಕುಟುಂಬಗಳ ಪಾಲುಪತ್ರ, 1974ರ ಭೂಸುಧಾರಣೆಯ ಬಳಿಕ ಗೇಣಿದಾರರು ಭೂ ನ್ಯಾಯಮಂಡಳಿಗೆ ಏಳನೆಯ ನಮೂನೆಯಲ್ಲಿ ಕೊಟ್ಟ, ಜನರ ಬಾಯಲ್ಲಿ ‘ಡಿಕ್ಲರೇಶನ್’ ಎನಿಸಿಕೊಂಡ ಅರ್ಜಿಯ ಪ್ರತಿ, ಇವುಗಳನ್ನು ಒಟ್ಟಿಗಿಟ್ಟು ಓದಿದರೆ ಒಂದು ಗ್ರಾಮದಲ್ಲಿ ಯಾರು ಉತ್ತರು, ಯಾರು ಉಂಡರು, ಆ ಸಂಬಂಧ ಯಾವಾಗ ಮುರಿಯಿತು ಎಂಬುದು ಸ್ಪಷ್ಟವಾಗುತ್ತದೆ. ಅರಸರ ಪಟ್ಟಿಗಿಂತ ಈ ಚರಿತ್ರೆಯೇ ಇಂದು ಹೆಚ್ಚು ಬೇಕಾಗಿದೆ.

ಪಾಡ್ದನಗಳನ್ನೂ ಇದೇ ಎಚ್ಚರದಿಂದ ಬಳಸಬೇಕಾಗುತ್ತದೆ. ದೈವಗಳ ಹುಟ್ಟು, ಪ್ರಸರಣಗಳನ್ನು ಹೇಳುವ ಈ ತುಳು ಹಾಡುಗಬ್ಬಗಳಲ್ಲಿ ಇಸವಿ ಸಿಗುವುದಿಲ್ಲ. ಆದರೆ ಅವಳಿ ವೀರರಾದ ಕೋಟಿ ಚೆನ್ನಯರ ಕಥೆಯಲ್ಲಿ ಕಂಬಳದ ಗದ್ದೆಯ ಜಗಳವೂ ಊರನ್ನಾಳುವ ಬಲ್ಲಾಳನು ಮುರಿದ ಮಾತೂ ಎಷ್ಟು ದೊಡ್ಡವಾಗಿ ಬೆಳೆಯುತ್ತವೆ ಎಂಬುದನ್ನು ಗಮನಿಸಿದರೆ, ಅಧಿಕಾರ ಮತ್ತು ಮರ್ಯಾದೆಯ ಬಗ್ಗೆ ದುಡಿಯುವ ಜನರ ನೆನಪು ಏನೆಂಬುದು ತಿಳಿಯುತ್ತದೆ. ಇಂಥ ಓದಿಗೆ ಇತಿಹಾಸದವರೊಬ್ಬರೇ ಸಾಲುವುದಿಲ್ಲ. ಇತಿಹಾಸದ ಸುರೇಂದ್ರ ರಾವ್ ಮತ್ತು ಕನ್ನಡದ ಕೆ. ಚಿನ್ನಪ್ಪ ಗೌಡರು ಜೊತೆಯಾಗಿ, ಡಿ. ಕೆ. ಚೌಟರ ‘ಮಿತ್ತಬೈಲ್ ಯಮುನಕ್ಕ’ ಸೇರಿದಂತೆ ಹಲವು ತುಳು ಕೃತಿಗಳನ್ನು ಇಂಗ್ಲಿಷಿಗೆ ತಂದದ್ದು ಎರಡು ವಿಭಾಗಗಳ ನಡುವಿನ ಗೋಡೆ ದಾಟಿದ ಒಳ್ಳೆಯ ಉದಾಹರಣೆ.

ವಿಭಾಗದ ಬಳಗವೆಂದರೆ ಪ್ರಾಧ್ಯಾಪಕರು, ಎಂ.ಎ. ವಿದ್ಯಾರ್ಥಿಗಳು, ಮಾರ್ಗದರ್ಶಕರ ಬಳಿ ಪಿಎಚ್.ಡಿ. ಮಾಡುವ ಸಂಶೋಧಕರು ಮಾತ್ರವೆಂದು ಎಣಿಸಿದರೆ ಅರ್ಧವನ್ನು ಬಿಟ್ಟಂತಾಗುತ್ತದೆ. ಇಲ್ಲಿ ಓದಿದವರು ಸುತ್ತಲಿನ ಕಾಲೇಜುಗಳಲ್ಲಿ ಅಧ್ಯಾಪಕರಾಗಿ ಮುಂದಿನ ತಲೆಮಾರನ್ನು ಕಳುಹಿಸುತ್ತಾರೆ; ಇತಿಹಾಸದ ಅಧ್ಯಾಪಕರಾಗಿದ್ದ ತುಕಾರಾಮ ಪೂಜಾರಿಯವರು ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ನೇಗಿಲು, ಅಳತೆಯ ಪಾತ್ರೆ, ಅಡುಗೆಯ ಸಾಮಾನುಗಳೂ ಆಕರಗಳಾಗಿ ಕುಳಿತಿವೆ. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನ ಹಳೆಯ ಕಾಗದಗಳಿವೆ. ಬ್ರಿಟಿಷರ ಕಾಲದ ಕಂದಾಯದ ಕಡತಗಳಿಗಾಗಿ ಸಂಶೋಧಕರು ಚೆನ್ನೈಯ ಪತ್ರಾಗಾರಕ್ಕೂ, ಪೋರ್ಚುಗೀಸರ ದಾಖಲೆಗಳಿಗಾಗಿ ಗೋವೆಗೂ ಹೋಗಬೇಕಾಗುತ್ತದೆ.

ಹೊರಗಿನ ಪತ್ರಾಗಾರಗಳಲ್ಲಿರುವುದು ಭದ್ರವಾಗಿದೆ. ಅಪಾಯವಿರುವುದು ಮನೆಯ ಅಟ್ಟದಲ್ಲಿರುವುದಕ್ಕೆ. ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟುವಾಗ ಓಲೆಯ ಕಟ್ಟುಗಳು ಒಲೆಗೆ ಬೀಳುವುದುಂಟು, ಪಾಲಿನ ತಕರಾರು ಮತ್ತೆ ಏಳೀತೆಂಬ ಹೆದರಿಕೆಯಿಂದ ಚೀಟುಗಳನ್ನು ಹರಿದುಹಾಕುವುದೂ ಉಂಟು. ತುಳು ಲಿಪಿಯನ್ನೂ ಹಳೆಯ ಕನ್ನಡ ಕೈಬರಹವನ್ನೂ ಓದಬಲ್ಲವರು ವಿರಳರಾಗುತ್ತಿರುವ ಈ ಹೊತ್ತಿನಲ್ಲಿ ಲಿಪಿಪಾಠವನ್ನು ಎಂ.ಎ. ತರಗತಿಯಲ್ಲಿ ಕಡ್ಡಾಯ ಮಾಡುವುದು ವಿಭಾಗದ ಹೊಣೆ. ಮನೆಯವರ ಹೊಣೆ ಇದಕ್ಕಿಂತ ಸಣ್ಣದು: ಅರ್ಥವಾಗದ ಓಲೆಯೋ ಮಾಸಿದ ಚೀಟೋ ಕೈಗೆ ಸಿಕ್ಕಿದರೆ ಎಸೆಯುವ ಮೊದಲು ಹತ್ತಿರದ ಕಾಲೇಜಿನ ಇತಿಹಾಸದ ಅಧ್ಯಾಪಕರಿಗೆ ಒಮ್ಮೆ ತೋರಿಸಬೇಕು. ಮೂಲವನ್ನು ಕೊಟ್ಟುಬಿಡಬೇಕೆಂದೇನೂ ಇಲ್ಲ, ಒಂದು ಒಳ್ಳೆಯ ಛಾಯಾಚಿತ್ರ ಸಿಕ್ಕಿದರೂ ಸಂಶೋಧಕರ ಕೆಲಸ ನಡೆಯುತ್ತದೆ.