ನಿಮಗಿದು ಗೊತ್ತೇ? ಬಸವನಹುಳುವಿನ ಮೇಲೆ ಕತ್ತಿ ಹಿರಿದ ವೀರರು

ಕವಚ ತೊಟ್ಟ ಯೋಧ ಬಸವನಹುಳುವಿನ ಎದುರು ಕತ್ತಿ ಹಿರಿದು ನಿಂತಿದ್ದಾನೆ. ಕೆಲವೆಡೆ ಆಯುಧ ಬಿಸುಟು, ಮೊಣಕಾಲೂರಿ ಶರಣಾಗಿದ್ದಾನೆ! 700 ವರ್ಷಗಳ ಹಿಂದೆ ಯುರೋಪಿನ ಧರ್ಮಗ್ರಂಥಗಳ ಹಾಳೆಯಂಚಿನಲ್ಲಿ ಇಂಥ ಚಿತ್ರ ಬರೆಯುವ ರೂಢಿಯಿತ್ತು. 1962ರಲ್ಲಿ ವಿದುಷಿ ಲಿಲಿಯನ್ ರ‍್ಯಾಂಡಲ್ 29 ಹಸ್ತಪ್ರತಿಗಳಲ್ಲಿ ಸುಮಾರು 70 ಕಾಳಗಗಳನ್ನು ಗುರುತಿಸಿದರು. ಬಡ್ಡಿ ವ್ಯವಹಾರದ, ಇಟಲಿಯ ಲೊಂಬಾರ್ಡಿಯವರನ್ನು ಹಂಗಿಸಲು ಹೀಗೆ ಬರೆದರು ಎಂಬುದು ಅವರ ವಾದ. ಎಲ್ಲ ಪಂಡಿತರೂ ಇದನ್ನು ಒಪ್ಪಿಲ್ಲ.

ದೈತ್ಯ ಬಸವನಹುಳು ಆಟದಲ್ಲೂ ಇದೆ. ಆಟಗಾರರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಶುರುವಾಯಿತು. 1981ರಲ್ಲಿ ಬಂದ ಅದರ ರಾಕ್ಷಸಕೋಶ ‘ಫೀಂಡ್ ಫೋಲಿಯೊ’ದಲ್ಲಿ, ಗದೆಯಂಥ ಕೊಂಬು ಬೀಸುವ ಬಸವನಹುಳುವೊಂದಿದೆ. ಅದರ ಚಿಪ್ಪಿಗೆ ಮಂತ್ರ ನಾಟುವುದು ಕಷ್ಟ.

ನಮ್ಮ ಶಿಲ್ಪಿಗಳ ಕಲ್ಪನೆಯೇನು ಕಡಿಮೆಯೇ? ಬಳ್ಳಿಗಾವಿಯಲ್ಲಿ 1047ರ ಭೇರುಂಡ ಕಂಬವಿದೆ. ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಹಳೇಬೀಡಿನ ಗುಡಿಯ ಗೋಡೆಯ ಮಕರಕ್ಕೆ ಆನೆಯ ಸೊಂಡಿಲು, ನವಿಲಿನಂಥ ಬಾಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದವರು ಅಷ್ಟು ದೂರವೂ ಹೋಗಬೇಕಿಲ್ಲ. ಕಾಗವಾಡ ತಾಲ್ಲೂಕಿನ ಜುಗೂಳದಲ್ಲಿ ನಿಂತರೆ ಕೃಷ್ಣೆಯ ಆಚೆ ದಡವೇ ಖಿದ್ರಾಪುರ. ಊರು ಮಹಾರಾಷ್ಟ್ರದ್ದು, ಆದರೆ 12ನೇ ಶತಮಾನದ ಕೋಪೇಶ್ವರ ಗುಡಿಯ ಶಾಸನಗಳಲ್ಲಿ ಒಂದನ್ನು ಬಿಟ್ಟರೆ ಉಳಿದವೆಲ್ಲ ಕನ್ನಡದವು. ಆ ಒಂದು, ಯಾದವ ದೊರೆ ಸಿಂಘಣನ ಸಂಸ್ಕೃತ ಶಾಸನ. ಲಿಂಗದ ಎದುರು ನಂದಿ ಇಲ್ಲ; ಆ ನಂದಿ ಚಿಕ್ಕೋಡಿ ತಾಲ್ಲೂಕಿನ ಯಡೂರದಲ್ಲಿದೆ ಎಂಬುದು ಜನರ ನಂಬಿಕೆ. 48 ಕಂಬಗಳ ಸ್ವರ್ಗಮಂಟಪಕ್ಕೆ ನಡುವೆ ಚಾವಣಿಯೇ ಇಲ್ಲ. ಕೆಳಗಿನ ದುಂಡು ಹಾಸುಗಲ್ಲಿನ ಮೇಲೆ ನಿಂತು ತಲೆ ಎತ್ತಿದರೆ, ಕಲ್ಲಿನ ಬಳೆಯೊಳಗೆ ದುಂಡನೆಯ ಆಕಾಶ. ಬಂದವರೆಲ್ಲ ಅಲ್ಲೇ ಫೋಟೊ ತೆಗೆದು ಹೊರಡುತ್ತಾರೆ. ದಯವಿಟ್ಟು ಹೊರಗೆ ಬಂದು ಬುಡದ ಸಾಲನ್ನೂ ನೋಡಿ: ಇಡೀ ಗುಡಿಯನ್ನು ಹೊತ್ತಂತೆ ಸಾಲುಗಟ್ಟಿದ ಆನೆಗಳು, ಅವುಗಳ ಬೆನ್ನೇರಿದ ದೇವತೆಗಳು. ಪುಸ್ತಕವಾಗಲಿ ಗುಡಿಯಾಗಲಿ, ಕಲೆಗಾರನ ಮನಸ್ಸು ಬಿಚ್ಚಿಕೊಳ್ಳುವುದು ಅಂಚಿನಲ್ಲೇ ಎಂದು ನನಗನಿಸುತ್ತದೆ.

ನಿಜವಾದ ದೈತ್ಯ ಬಸವನಹುಳುವೂ ಉಂಟು. ಗೇಣುದ್ದ ಬೆಳೆಯಬಲ್ಲ ಆಫ್ರಿಕಾದ ಈ ಹುಳುವನ್ನು ಮಾರಿಷಸ್‌ನಿಂದ ಕೋಲ್ಕತ್ತಕ್ಕೆ ತಂದವನು ಬ್ರಿಟಿಷ್ ಅಧಿಕಾರಿ ವಿಲಿಯಂ ಬೆನ್ಸನ್, 1847ರಲ್ಲಿ. ಈಗ ಕೊಡಗಿನ ಶನಿವಾರಸಂತೆಯ ಕಾಫಿ ತೋಟಗಳಿಗೂ ಅದರ ಕಾಟ. ಚಿಪ್ಪು ಕಟ್ಟಿಕೊಳ್ಳಲು ಗೋಡೆಯ ಸುಣ್ಣವನ್ನೂ ಕೆರೆದು ತಿನ್ನುತ್ತದೆ. ಮಳೆಗಾಲದಲ್ಲಿ ಕಂಡರೆ ಮಕ್ಕಳು ಬರಿಗೈಯಲ್ಲಿ ಮುಟ್ಟದಂತೆ ನೋಡಿಕೊಳ್ಳಿ. ಮಿದುಳಿನ ಪೊರೆಗೆ ಉರಿಯೂತ ತರುವ ಪರಾವಲಂಬಿ ಜೀವಿ ಅದರೊಳಗೆ ಇರಬಹುದು.