ಪರದೆಗೆ ಹೋಗಿ ಬಂದ ನಮ್ಮ ಸೀಮೆಯ ಮಾತು

ಹೊನ್ನಾಳಿಯ ಬಸ್ ನಿಲ್ದಾಣದಲ್ಲೋ ಜಗಳೂರಿನ ಸಂತೆಯಲ್ಲೋ ಈಗ ನಲವತ್ತೈದರ ಆಸುಪಾಸಿನಲ್ಲಿರುವ ಯಾರನ್ನಾದರೂ ನಿಲ್ಲಿಸಿ, ‘ನಿಮ್ಮ ಕಾಲದ ಸಿನಿಮಾ ಯಾವುದು’ ಎಂದು ಕೇಳಿ ನೋಡಿ. ಗಂಡಸರ ಬಾಯಲ್ಲಿ ಮೊದಲು ‘ಓಂ’ ಬರುತ್ತದೆ. ಹೆಣ್ಣುಮಕ್ಕಳು ‘ಹಾಲುಂಡ ತವರು’ ಅನ್ನುತ್ತಾರೆ, ‘ಜನುಮದ ಜೋಡಿ’ ಅನ್ನುತ್ತಾರೆ. ಮಾತು ಇನ್ನಷ್ಟು ಬೆಳೆದರೆ, ಶಾಲೆಯ ದಿನಗಳ ನೆನಪು ಬಿಚ್ಚಿಕೊಂಡರೆ, ಇನ್ನೊಂದು ಹೆಸರು ತಾನಾಗಿ ಬರುತ್ತದೆ: ‘ಚಿನ್ನಾರಿ ಮುತ್ತ’. ಆ ಹೆಸರು ಹೇಳುವಾಗ ಮುಖ ಸ್ವಲ್ಪ ಮೆತ್ತಗಾಗುವುದನ್ನು ನಾನು ಎಷ್ಟೋ ಸಲ ಗಮನಿಸಿದ್ದೇನೆ.

ಮೆತ್ತಗಾಗಲು ಕಾರಣವಿದೆ. ಆ ಚಿತ್ರದ ಹಾಡುಗಳನ್ನು ಬರೆದವರು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯವರು. ಅದರ ಮರುವರ್ಷ ಬಂದ ‘ಕೊಟ್ರೇಶಿ ಕನಸು’ ಚಿತ್ರದ ಕಥೆ ಜಗಳೂರಿನ ಪಕ್ಕದ ಕೊಟ್ಟೂರಿನ ಲೇಖಕರದು. 1993ರಲ್ಲಿ ರಾಜ್‌ಕುಮಾರ್ ನಟಿಸಿದ ‘ಆಕಸ್ಮಿಕ’ದ ಮೂಲ ಕಾದಂಬರಿಕಾರರು ಹುಟ್ಟಿದ್ದು ಹರಿಹರ ತಾಲ್ಲೂಕಿನ ಮಲೆಬೆನ್ನೂರಿನಲ್ಲಿ. ಎರಡೇ ವರ್ಷಗಳಲ್ಲಿ ಮೂರು ಚಿತ್ರಗಳು, ಮೂರಕ್ಕೂ ಬೇರು ಈ ಸೀಮೆಯಲ್ಲಿ. ಇದು ನಮ್ಮ ಜನರಿಗೇ ಪೂರ್ತಿ ಗೊತ್ತಿಲ್ಲ. ನಟನ ಹೆಸರು ಗೊತ್ತು, ಹಾಡಿನ ರಾಗ ಗೊತ್ತು. ಬರೆದವರು ಯಾರು ಎಂದು ಕೇಳಿದರೆ ಮೌನ.

ಆಗ ಚನ್ನಗಿರಿ, ಹೊನ್ನಾಳಿ, ಜಗಳೂರು ಒಂದೇ ಜಿಲ್ಲೆಯಲ್ಲಿರಲಿಲ್ಲ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು. ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿನದೇ ಒಂದು ಊರು. ಜಗಳೂರು ಚಿತ್ರದುರ್ಗದ್ದು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಇವೆಲ್ಲ ಒಂದೇ ಸೂರಿನಡಿ ಬಂದವು. ಆದರೆ ಸಿನಿಮಾ ನೋಡುವವರ ಮಟ್ಟಿಗೆ ಅದಕ್ಕೂ ಮೊದಲೇ ದಾವಣಗೆರೆ ಜಿಲ್ಲಾ ಕೇಂದ್ರವೇ ಆಗಿತ್ತು. ಹೊಸ ಚಿತ್ರ ಬೇಕೆಂದರೆ ಬಸ್ಸು ಹತ್ತಿ ದಾವಣಗೆರೆಗೆ ಹೋಗಬೇಕು. ಅಶೋಕ ಟಾಕೀಸಿನ ಹತ್ತಿರದ ರೈಲ್ವೆ ಗೇಟಿನಲ್ಲಿ ಕಾದು, ಆಟ ನೋಡಿ, ಬೆಣ್ಣೆದೋಸೆ ತಿಂದು, ಕೊನೆಯ ಬಸ್ಸು ಹಿಡಿದರೆ ಅದೊಂದು ಹಬ್ಬ. ಅದೇ ಚಿತ್ರ ತಾಲ್ಲೂಕು ಕೇಂದ್ರದ ಟಾಕೀಸಿಗೆ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು. ಆಮೇಲೆ ಟೆಂಟು, ಅದೂ ಆದ ಮೇಲೆ ಗಣೇಶನ ಹಬ್ಬಕ್ಕೆ ಬಾಡಿಗೆ ತಂದ ಟಿವಿ, ವಿಡಿಯೊ ಡೆಕ್ಕಿನಲ್ಲಿ ಬೆಳಗಿನವರೆಗೆ ಸಾಲಾಗಿ ಚಿತ್ರಗಳು. ಭದ್ರಾ ನಾಲೆಯ ನೀರು ಬರುವ ಹೊನ್ನಾಳಿ, ಚನ್ನಗಿರಿ ಕಡೆ ಭತ್ತದ ಸುಗ್ಗಿ ಮುಗಿದರೆ ಟಾಕೀಸಿಗೆ ಜನ. ಮಳೆಯನ್ನೇ ನಂಬಿದ ಜಗಳೂರಿನ ಕಡೆ ಫಸಲು ಕೈಕೊಟ್ಟ ವರ್ಷ ಟಿಕೆಟ್ಟಿನ ಕಾಸಿಗೂ ಕೈ ಹಿಂಜರಿಯುತ್ತಿತ್ತು.

‘ಚಿನ್ನಾರಿ ಮುತ್ತ’ ಹುಟ್ಟಿದ ದಾರಿ ಹಿಡಿಯಬೇಕೆಂದರೆ ಸಿನಿಮಾಕ್ಕಿಂತ ಮೊದಲು ಹಾಡಿನ ಬಳಿಗೆ ಹೋಗಬೇಕು. ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡಿಕೊಂಡಿದ್ದ ಸಿ. ಅಶ್ವತ್ಥ್ ಕನ್ನಡ ಕವಿಗಳ ಪದ್ಯಗಳಿಗೆ ರಾಗ ಹಾಕುತ್ತ, ಅವನ್ನು ಕ್ಯಾಸೆಟ್ಟಿನ ಮೂಲಕ ಹಳ್ಳಿಯ ಚಹಾದಂಗಡಿಗೂ ಮುಟ್ಟಿಸಿದ್ದರು. ಬಿ.ವಿ. ಕಾರಂತರ ಗರಡಿಯಲ್ಲಿ, ‘ಬೆನಕ’ ತಂಡದಲ್ಲಿ ಪಳಗಿದ ಟಿ.ಎಸ್. ನಾಗಾಭರಣ ಅವರಿಗೆ ರಂಗಭೂಮಿಯಿಂದ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಹಾಡು ಕಥೆಯನ್ನು ಮುಂದಕ್ಕೆ ಎಳೆಯಬೇಕು, ನಿಲ್ಲಿಸಬಾರದು. ಇವರಿಬ್ಬರೂ ಸೇರಿ 1990ರಲ್ಲಿ ‘ಸಂತ ಶಿಶುನಾಳ ಶರೀಫ’ ತಂದರು. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗೀಸ್ ದತ್ ಪ್ರಶಸ್ತಿ ಅದಕ್ಕೆ ಬಂತು. ಆಮೇಲೆ ಕೆ.ಎಸ್. ನರಸಿಂಹಸ್ವಾಮಿ ಅವರ ಕವಿತೆಗಳನ್ನೇ ಹೆಣೆದು ‘ಮೈಸೂರ ಮಲ್ಲಿಗೆ’ ಮಾಡಿದರು. ಕವಿಯ ಪದ್ಯವನ್ನು ಚಿತ್ರಮಂದಿರದಲ್ಲಿ ಕೂತು ಜನ ಕೇಳುತ್ತಾರೆ ಎಂಬ ಧೈರ್ಯ ಈ ಎರಡು ಚಿತ್ರಗಳಿಂದ ಬಂತು. ಮೂರನೆಯದಕ್ಕೆ ಅವರು ಮಕ್ಕಳ ಕಡೆ ತಿರುಗಿದರು. ಮಕ್ಕಳ ಮಾತು ಬಲ್ಲ ಕವಿ ಬೇಕಿತ್ತು. ಎಚ್.ಎಸ್. ವೆಂಕಟೇಶಮೂರ್ತಿ ಇದ್ದರು.

ಎಚ್.ಎಸ್.ವಿ. ಹುಟ್ಟಿದ್ದು 1944ರ ಜೂನ್ 23ರಂದು. ಅವರ ಇನಿಷಿಯಲ್ಲಿನ ‘ಎಚ್’ ಅವರ ಊರು. ನಕ್ಷೆಯಲ್ಲಿ ಹೊದಿಗೆರೆ, ಊರವರ ಬಾಯಲ್ಲಿ ಹೋದಿಗ್ಗೆರೆ. ಇತಿಹಾಸ ಓದಿದವರಿಗೆ ಈ ಊರು ಶಿವಾಜಿಯ ತಂದೆ ಷಹಾಜಿ ಭೋಂಸ್ಲೆಯ ಸಮಾಧಿಯಿಂದ ಪರಿಚಿತ. 1664ರಲ್ಲಿ ಬೇಟೆಗೆ ಬಂದಾಗ ಆತ ಇಲ್ಲಿ ಕುದುರೆಯಿಂದ ಬಿದ್ದು ಸತ್ತ. ಕನ್ನಡ ಓದಿದವರಿಗೆ ಅದು ಎಚ್.ಎಸ್.ವಿ. ಊರು. ಹರೆಯದಲ್ಲಿ ಅವರು ಚನ್ನಗಿರಿಗೆ ತಾಗಿದ ಹೊಳಲ್ಕೆರೆ ಸೀಮೆಯ ಮಲ್ಲಾಡಿಹಳ್ಳಿಯಲ್ಲಿ, ರಾಘವೇಂದ್ರ ಸ್ವಾಮೀಜಿಯವರ ಅನಾಥಸೇವಾಶ್ರಮದ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಊರಿಂದ ಊರಿಗೆ ಬಂದ ಬಡಮಕ್ಕಳ ಮಧ್ಯೆ ಪಾಠ ಹೇಳಿದವರಿಗೆ, ಅನಾಥ ಹುಡುಗನೊಬ್ಬನ ಬಾಯಿಗೆ ಹಾಡು ಬರೆದುಕೊಡುವುದು ಕಲ್ಪನೆಯ ಕೆಲಸ ಮಾತ್ರವಾಗಿರಲಾರದು ಎಂದು ನನ್ನ ನಂಬಿಕೆ. 1968ರಲ್ಲಿ ಮೊದಲ ಕವನ ಸಂಕಲನ ‘ಪರಿವೃತ್ತ’ ಬಂತು. ಆಮೇಲೆ ಬೆಂಗಳೂರು, ಕಾಲೇಜಿನಲ್ಲಿ ಕನ್ನಡ ಅಧ್ಯಾಪನ, ನಾಟಕ, ಮಕ್ಕಳ ಪದ್ಯ, ಭಾವಗೀತೆ.

1993ರಲ್ಲಿ ಬಂದ ‘ಚಿನ್ನಾರಿ ಮುತ್ತ’ ಹಳ್ಳಿಯ ತಬ್ಬಲಿ ಹುಡುಗನೊಬ್ಬ ಓಟಗಾರನಾಗುವ ಕಥೆ. ಕಥೆ ಸರಳ. ಅದನ್ನು ಇವತ್ತಿಗೂ ಬದುಕಿಸಿರುವುದು ಹಾಡುಗಳು. ಅವುಗಳಲ್ಲಿ ಮೋಡವಿದೆ, ಚಂದ್ರನಿದ್ದಾನೆ, ಮಣ್ಣಿದೆ. ಹೊಲದ ಬದುವಿನ ಮೇಲೆ ನಿಂತು ಆಕಾಶ ನೋಡಿದ ಹುಡುಗನ ಕಣ್ಣಿಗೆ ಬೀಳುವುದಷ್ಟೇ ಅಲ್ಲಿರುವುದು. ಆ ಸಾಲುಗಳ ಕನ್ನಡ ಬೆಂಗಳೂರಿನ ಮನೆಯೊಳಗಿನ ಕನ್ನಡವಾಗಿರದೆ, ನಮ್ಮ ಸೀಮೆಯ ಅಜ್ಜಿಯರ ಕನ್ನಡವಾಗಿದೆ. ಮಗುವಿಗಾಗಿ ಬರೆಯುವಾಗ ದೊಡ್ಡವರು ದನಿ ಬದಲಿಸಿಕೊಂಡು ಮುದ್ದುಗರೆಯುವ ಅಭ್ಯಾಸವಿದೆ. ಎಚ್.ಎಸ್.ವಿ. ಹಾಗೆ ಮಾಡಲಿಲ್ಲ. ಹುಡುಗನ ಒಂಟಿತನವನ್ನು ದೊಡ್ಡವರ ಒಂಟಿತನದಷ್ಟೇ ಗಂಭೀರವಾಗಿ ಬರೆದರು. ಅದಕ್ಕೇ ಆಗ ಹತ್ತು ವರ್ಷದವರಾಗಿ ಕೇಳಿದವರು ಈಗ ನಲವತ್ತು ದಾಟಿದರೂ ಆ ಹಾಡು ಬಂದರೆ ರೇಡಿಯೊ ಮುಚ್ಚುವುದಿಲ್ಲ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರ ಪ್ರಶಸ್ತಿಯೂ ಇದಕ್ಕೇ ಬಂತು.

ಅದೇ 1993ರಲ್ಲಿ ಅದೇ ನಾಗಾಭರಣ ‘ಆಕಸ್ಮಿಕ’ವನ್ನೂ ನಿರ್ದೇಶಿಸಿದರು. ಒಂದು ಕಡೆ ಮಕ್ಕಳ ಪುಟ್ಟ ಚಿತ್ರ, ಇನ್ನೊಂದು ಕಡೆ ರಾಜ್‌ಕುಮಾರ್. ತ.ರಾ. ಸುಬ್ಬರಾವ್ ಅವರ ‘ಆಕಸ್ಮಿಕ’, ‘ಅಪರಾಧಿ’, ‘ಪರಿಣಾಮ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಚಿತ್ರವದು. ತ.ರಾ.ಸು. ಅಂದರೆ ಚಿತ್ರದುರ್ಗ, ‘ನಾಗರಹಾವು’, ‘ದುರ್ಗಾಸ್ತಮಾನ’ ಎಂದು ಎಲ್ಲರಿಗೂ ನೆನಪಾಗುತ್ತದೆ. ಅವರ ಮನೆತನ ಚಳ್ಳಕೆರೆ ಕಡೆಯ ತಳುಕಿನದು. 1920ರಲ್ಲಿ ಅವರು ಹುಟ್ಟಿದ ಊರು ಮಾತ್ರ ಹೊನ್ನಾಳಿ, ಚನ್ನಗಿರಿಗಳ ನೆರೆಯ ಮಲೆಬೆನ್ನೂರು. ಚಿತ್ರ ಬಂದಾಗ ಅವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ನಾಡನ್ನು ಕುರಿತು ಹಂಸಲೇಖ ಬರೆದ ಅದರ ಹಾಡು ಇವತ್ತಿಗೂ ನವೆಂಬರ್ 1ರಂದು ಶಾಲೆಯ ಮೈದಾನಗಳಲ್ಲಿ ಮೊಳಗುತ್ತದೆ. ಮಲೆಬೆನ್ನೂರಿನ ಶಾಲೆಯಲ್ಲೂ ಮೊಳಗುತ್ತಿರಬೇಕು. ಹಾಡಿಗೆ ಕುಣಿಯುವ ಮಕ್ಕಳಿಗೆ, ಈ ಚಿತ್ರದ ಕಥೆ ಬರೆದವರು ನಿಮ್ಮ ಊರಿನಲ್ಲೇ ಹುಟ್ಟಿದವರು ಎಂದು ಯಾರಾದರೂ ಹೇಳಿದರೆ ಎಷ್ಟು ಚೆನ್ನ.

ಇನ್ನು ‘ಕೊಟ್ರೇಶಿ ಕನಸು’ ಚಿತ್ರದ ಕೊಟ್ರ. ಜಗಳೂರಿನಿಂದ ಉತ್ತರಕ್ಕೆ ಹೋದರೆ ಬೆಂಗಾಡಿನ ಅದೇ ಕೆಂಪು, ಕಪ್ಪು ನೆಲ. ಅಲ್ಲಿ, ಆಗ ಬಳ್ಳಾರಿ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನಲ್ಲಿದ್ದ ಕೊಟ್ಟೂರು. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ಪ್ರತಿವರ್ಷ ಜನ ನಡೆದೇ ಹೋಗುತ್ತಾರೆ. ಈ ಸೀಮೆಯ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆಗೆಯಿರಿ, ಒಬ್ಬ ಕೊಟ್ರೇಶ ಇದ್ದೇ ಇರುತ್ತಾನೆ. ಆ ಊರಿನಲ್ಲಿ 1953ರಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪ ಗಡಿಯಾಚೆ ಆಂಧ್ರದ ಹಳ್ಳಿಗಳಲ್ಲಿ ದಶಕಗಳ ಕಾಲ ಮೇಷ್ಟ್ರಾಗಿದ್ದು ಬರೆದವರು. ಅವರ ‘ಕೊಟ್ರ ಹೈಸ್ಕೂಲಿಗೆ ಸೇರಿದ್ದು’ ಕಥೆಯನ್ನು ನಾಗತಿಹಳ್ಳಿ ಚಂದ್ರಶೇಖರ ಅವರು 1994ರಲ್ಲಿ ‘ಕೊಟ್ರೇಶಿ ಕನಸು’ ಮಾಡಿದರು.

ಕಥೆ ಇಷ್ಟೇ: ಏಳನೇ ತರಗತಿಯನ್ನು ಚೆನ್ನಾಗಿ ಪಾಸು ಮಾಡಿದ ದಲಿತ ಹುಡುಗನಿಗೆ ಹೈಸ್ಕೂಲಿಗೆ ಹೋಗಬೇಕೆಂಬ ಆಸೆ. ಅವನ ಆಸೆಗೂ ಹೈಸ್ಕೂಲಿನ ಬಾಗಿಲಿಗೂ ನಡುವೆ ಊರಿನ ಜಾತಿ, ದೊಡ್ಡವರ ದರ್ಪ, ಮನೆಯ ಬಡತನ ಸಾಲಾಗಿ ನಿಂತಿವೆ. ನಗರದಲ್ಲಿ ಕೂತವರಿಗೆ, ಏಳರಿಂದ ಎಂಟಕ್ಕೆ ಹೋಗುವುದು ಒಂದು ಸಿನಿಮಾ ಆಗುವಷ್ಟು ದೊಡ್ಡ ವಿಷಯವೇ ಎನಿಸಬಹುದು. ಜಗಳೂರಿನ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳ ಓದು ನಿಂತಿದ್ದೇ ಆ ಮೆಟ್ಟಿಲಲ್ಲಿ. ಊರಿನಲ್ಲಿ ಏಳರವರೆಗೆ ಶಾಲೆ, ಹೈಸ್ಕೂಲು ಇನ್ನೊಂದು ಊರಿನಲ್ಲಿ, ನಡುವೆ ನಡೆಯುವ ದಾರಿ. ಗಂಡುಮಕ್ಕಳು ದನದ ಹಿಂದೆ, ಹೆಣ್ಣುಮಕ್ಕಳು ಕಳೆ ಕೀಳಲು. ಮೇಷ್ಟ್ರಾಗಿದ್ದ ಕುಂವೀಗೆ ಆ ಮೆಟ್ಟಿಲಿನ ಎತ್ತರ ಗೊತ್ತಿತ್ತು. ನನ್ನ ಮಟ್ಟಿಗೆ ತೊಂಬತ್ತರ ದಶಕದ ಕನ್ನಡ ಚಿತ್ರಗಳಲ್ಲಿ ಈ ನೆಲದ ಬದುಕಿಗೆ ಅತಿ ಹತ್ತಿರದ್ದು ಇದೇ, ‘ಚಿನ್ನಾರಿ ಮುತ್ತ’ಕ್ಕಿಂತಲೂ ಹತ್ತಿರದ್ದು.

ಎರಡೂ ಚಿತ್ರಗಳಲ್ಲಿ ಮುಖ್ಯ ಪಾತ್ರ ಮಾಡಿದ್ದು ಒಬ್ಬನೇ ಹುಡುಗ, ವಿಜಯ ರಾಘವೇಂದ್ರ. ಕೊಟ್ರನ ಪಾತ್ರಕ್ಕೆ ಅತ್ಯುತ್ತಮ ಬಾಲನಟ ಎಂಬ ರಾಷ್ಟ್ರ ಪ್ರಶಸ್ತಿ ಪಡೆದ. ಚಿತ್ರಕ್ಕೂ ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಪ್ರಶಸ್ತಿ ಸಂದಿತು. ಹೀಗೆ ಸತತ ಎರಡು ವರ್ಷ ದೆಹಲಿಯ ಪ್ರಶಸ್ತಿ ಬಂದದ್ದು ಹಳ್ಳಿಯ ಬಡ ಹುಡುಗರ ಕಥೆಗಳಿಗೆ.

ಪ್ರಶಸ್ತಿ ಬಂದ ಮಾತ್ರಕ್ಕೆ ಚಿತ್ರ ಊರಿಗೆ ಬರುವುದಿಲ್ಲ. ‘ಕೊಟ್ರೇಶಿ ಕನಸು’ ಕಂಡವರಲ್ಲಿ ಹೆಚ್ಚಿನವರು ಕಂಡಿದ್ದು ಟಿವಿಯಲ್ಲಿ, ಅದೂ ತಡವಾಗಿ. ಟಾಕೀಸುಗಳನ್ನು ಆಳಿದ ಚಿತ್ರಗಳು ಬೇರೆ. 1995ರ ಮೇ 19ರಂದು ತೆರೆಕಂಡ ‘ಓಂ’ ಉಪೇಂದ್ರ ನಿರ್ದೇಶನದ ಮೂರನೆಯ ಚಿತ್ರ. ಪುರೋಹಿತರ ಮನೆಯ ಹುಡುಗ ರೌಡಿಯಾಗುವ ಕಥೆ, ಶಿವರಾಜ್‌ಕುಮಾರ್ ನಾಯಕ. ನಿರ್ಮಾಪಕರು ಅದನ್ನು ಸುಮಾರು 20 ವರ್ಷ ಟಿವಿಗೆ ಕೊಡಲಿಲ್ಲ. ನಮ್ಮಂಥ ಊರುಗಳಲ್ಲಿ ಅದು ಮತ್ತೆ ಮತ್ತೆ ಟಾಕೀಸಿಗೆ ಬಂದದ್ದಕ್ಕೆ ಇದೂ ಒಂದು ಕಾರಣ. ಹೊಸ ಚಿತ್ರ ಸಿಗದ ವಾರ, ಕಲೆಕ್ಷನ್ ಬಿದ್ದ ವಾರ, ಟಾಕೀಸಿನವರು ‘ಓಂ’ ತರಿಸುತ್ತಿದ್ದರು, ಜನ ಬರುತ್ತಿದ್ದರು.

1996ರ ‘ಜನುಮದ ಜೋಡಿ’ಯ ದಾರಿ ಇನ್ನೂ ಉದ್ದ. ಅದರ ಮೂಲ ಗುಜರಾತಿನದು, ಪನ್ನಾಲಾಲ್ ಪಟೇಲರು 1941ರಲ್ಲಿ ಬರೆದ ‘ಮಳೇಲಾ ಜೀವ’ ಕಾದಂಬರಿ. ಜಾತ್ರೆಯಲ್ಲಿ ಕಂಡ ಹುಡುಗಿ, ಜಾತಿ ಬೇರೆ, ಊರು ಒಪ್ಪುವುದಿಲ್ಲ. ಮತ್ತೆ ನಾಗಾಭರಣ ಅವರೇ ಅದನ್ನು ಕನ್ನಡದ ಹಳ್ಳಿಗೆ ತಂದರು, ವಿ. ಮನೋಹರ್ ಜನಪದದ ಮಟ್ಟುಗಳನ್ನು ಹಾಕಿದರು. ಗುಜರಾತಿನ ಜಾತ್ರೆ ಹೊನ್ನಾಳಿಯವರಿಗೆ ತಮ್ಮದೇ ಜಾತ್ರೆಯಂತೆ ಕಂಡಿತು. ಟ್ರ್ಯಾಕ್ಟರ್ ಮಾಡಿಕೊಂಡು ಮನೆಮಂದಿಯೆಲ್ಲ ಹೋಗಿ ನೋಡುವಂಥ ಚಿತ್ರವಾಯಿತು ಅದು.

ಆದರೂ ಮನಸ್ಸು ಮುತ್ತ ಮತ್ತು ಕೊಟ್ರನ ಕಡೆಗೇ ಹೊರಳುತ್ತದೆ. ‘ಓಂ’ ಆಗಲಿ ‘ಜನುಮದ ಜೋಡಿ’ ಆಗಲಿ ನಮ್ಮ ಹತ್ತಿರ ಬಂದ ಚಿತ್ರಗಳು. ಇವೆರಡು ನಮ್ಮ ಹತ್ತಿರದಿಂದ ಹೋದವು. ಹೊದಿಗೆರೆಯ ಮಾತು ಬೆಂಗಳೂರಿಗೆ ಹೋಗಿ ಹಾಡಾಗಿ, ಅಶ್ವತ್ಥರ ರಾಗ ಹತ್ತಿ, ಕ್ಯಾಸೆಟ್ಟಾಗಿ ಚನ್ನಗಿರಿಗೆ ವಾಪಸಾಯಿತು. ಕೊಟ್ಟೂರಿನ ಹುಡುಗ ಪುಸ್ತಕದಿಂದ ಪರದೆಗೆ ಹೋಗಿ ಜಗಳೂರಿನ ಮನೆಯ ಟಿವಿಯಲ್ಲಿ ಕಾಣಿಸಿಕೊಂಡ.

ಎಚ್.ಎಸ್.ವಿ. 2020ರ ಫೆಬ್ರುವರಿಯಲ್ಲಿ ಕಲಬುರಗಿಯ 85ನೇ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 2025ರ ಮೇ 30ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಂದು ಸಂತಾಪದ ಮಾತುಗಳಲ್ಲೆಲ್ಲ ‘ಚಿನ್ನಾರಿ ಮುತ್ತ’ನ ಹೆಸರಿತ್ತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಜೂನ್ 23ರ ಹೊತ್ತಿಗೆ ಶಾಲೆಗಳು ಶುರುವಾಗಿ ಮಕ್ಕಳು ಹೊಸ ಪುಸ್ತಕ ಹಿಡಿದು ಕೂತಿರುತ್ತಾರೆ. ಅಂದು ಒಂದು ಮಧ್ಯಾಹ್ನ ಪಾಠ ನಿಲ್ಲಿಸಿ, ಪ್ರೊಜೆಕ್ಟರಿನಲ್ಲೋ ಟಿವಿಯಲ್ಲೋ ‘ಚಿನ್ನಾರಿ ಮುತ್ತ’ ತೋರಿಸಿ, ಇದರ ಹಾಡು ಬರೆದವರು ಹೊದಿಗೆರೆಯವರು ಎಂದು ಹೇಳಿ. ಏಳನೇ ತರಗತಿಯ ಮಕ್ಕಳಿಗೆ ‘ಕೊಟ್ರೇಶಿ ಕನಸು’ ಚಿತ್ರವನ್ನೂ ತೋರಿಸಿ. ಅವರು ಮುಂದಿನ ವರ್ಷ ಹೈಸ್ಕೂಲಿಗೆ ಹೋಗಬೇಕಾದವರು.