ಎರಡು ಬಣ್ಣ, ಒಂದೇ ಎಲ್‌ಇಡಿ

ಗ್ರ್ಯಾಂಟ್ ರೋಡ್ ಸ್ಟೇಷನ್ನಿನಿಂದ ಪೂರ್ವಕ್ಕೆ ನಡೆದರೆ ಲ್ಯಾಮಿಂಗ್ಟನ್ ರೋಡ್. ದಾಖಲೆಯಲ್ಲಿ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ. ಮುಂಬೈಯಲ್ಲಿ ಕಂಪ್ಯೂಟರ್ ಜೋಡಿಸುವವರು ಬಿಡಿಭಾಗಕ್ಕೆ ಬರುವ ರಸ್ತೆ ಇದು. ಕ್ಯಾಬಿನೆಟ್ಟಿಗೆ ಬಣ್ಣದ ಬೆಳಕು ಬೇಕೆ? ದುಬಾರಿ ಕಿಟ್ ಬೇಡ, ಕೆಂಪು-ಹಸಿರು ಎಲ್‌ಇಡಿ ಸಾಕು.

ಮೂರು ಕಾಲಿನದ್ದು, ‘ಕಾಮನ್ ಕ್ಯಾಥೋಡ್’ ಎಂದೇ ಕೇಳಿ. ನಡುವಿನ ಉದ್ದದ ಕಾಲು ನೆಗೆಟಿವ್. ಅಕ್ಕಪಕ್ಕದವು ಒಂದೊಂದು ಬಣ್ಣಕ್ಕೆ.

ಪವರ್ ಸಪ್ಲೈನ ಮೋಲೆಕ್ಸ್ ಕನೆಕ್ಟರ್ ನೋಡಿ. ಹಳದಿ ತಂತಿ 12 ವೋಲ್ಟ್, ಕೆಂಪು 5 ವೋಲ್ಟ್, ಕಪ್ಪು ಎರಡೂ ಗ್ರೌಂಡ್. ನಮಗೆ ಬೇಕಾದದ್ದು ಕೆಂಪು, ಕಪ್ಪು ಮಾತ್ರ.

ಈಗ ಮುಖ್ಯ ವಿಷಯ: ರೆಸಿಸ್ಟರ್. ಎಲ್‌ಇಡಿ ಸುಮಾರು 2 ವೋಲ್ಟ್ ಹಿಡಿದುಕೊಳ್ಳುತ್ತದೆ, ಉಳಿದ 3 ವೋಲ್ಟನ್ನು ರೆಸಿಸ್ಟರ್ ಹೊರಬೇಕು. 220 ಓಮ್ ಹಾಕಿದರೆ ಹರಿಯುವುದು ಸುಮಾರು 14 ಮಿಲಿಆಂಪ್. ಸಾಮಾನ್ಯ ಎಲ್‌ಇಡಿಯ ಮಿತಿ 20, ಹಾಗಾಗಿ ಸುರಕ್ಷಿತ. ಪ್ರತಿ ಬಣ್ಣಕ್ಕೂ ಪ್ರತ್ಯೇಕ ರೆಸಿಸ್ಟರ್, ಪ್ರತ್ಯೇಕ ಸ್ವಿಚ್ ಕೊಡಿ. ನಡುವಿನ ಕಾಲಿಗೆ ಒಂದೇ ರೆಸಿಸ್ಟರ್ ಹಾಕಿ ಉಳಿತಾಯ ಮಾಡಲು ಹೋಗಬೇಡಿ. ಎರಡೂ ಬಣ್ಣ ಹಚ್ಚಿದಾಗ ಕಡಿಮೆ ವೋಲ್ಟಿನ ಕೆಂಪು ಕರೆಂಟೆಲ್ಲ ಎಳೆದುಕೊಂಡು ಹಸಿರು ಮಂಕಾಗುತ್ತದೆ. ಸರಿಯಾಗಿ ಜೋಡಿಸಿದರೆ ಎರಡೂ ಬೆರೆತು ಚೆಂದದ ಹಳದಿ ಬರುತ್ತದೆ. ನೋಡಲೇಬೇಕು!

ನೀಲಿ ಇರುವ ಎಲ್‌ಇಡಿಯಾದರೆ ಆ ಕಾಲಿಗೆ 150 ಓಮ್.

ಮುಂಬೈ ಮಳೆಗಾಲದ ತೇವಕ್ಕೆ ಬರಿಯ ಬೆಸುಗೆ ಬೇಗ ಕಿಲುಬು ಹಿಡಿಯುತ್ತದೆ. ಪ್ರತಿ ಜೋಡಣೆಗೂ ಹೀಟ್ ಶ್ರಿಂಕ್ ತೊಡಿಸಿ. ಕೆಲಸ ಶುರುಮಾಡುವ ಮೊದಲು ಗೋಡೆಯ ಪ್ಲಗ್ ಕಿತ್ತಿಡಿ.